ಬಾಳಸಂಗಾತಿ ವಿದೇಶದಲ್ಲಿ ತೀರಿಕೊಂಡಾಗ ಜೀವ ವಿಮೆಯ ಹಣ ಪಡೆಯುವುದು ಹೇಗೆ?

ದುಬೈನಲ್ಲೋ ದಮ್ಮಾಮಿನಲ್ಲೋ ದುಡಿಯುತ್ತಿದ್ದ ಗಂಡ ಹಠಾತ್ತನೆ ತೀರಿಕೊಂಡ ಸುದ್ದಿ ಬಂದ ಮನೆಯಲ್ಲಿ ಮೊದಲ ವಾರ ವಿಮೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅದು ಸಹಜ. ಆದರೆ ವಿಮೆಗೆ ಬೇಕಾಗುವ ಅತಿ ಮುಖ್ಯ ಕಾಗದಗಳು ತಯಾರಾಗುವುದು ಅದೇ ವಾರದಲ್ಲಿ, ಅದೂ ಆ ದೇಶದಲ್ಲಿ. ಪಾರ್ಥಿವ ಶರೀರ ಊರಿಗೆ ಬಂದು, ಅಲ್ಲಿದ್ದ ಸ್ನೇಹಿತರು ತಮ್ಮ ಕೆಲಸಕ್ಕೆ ಮರಳಿ, ಕಂಪನಿಯವರು ರೂಮು ಖಾಲಿ ಮಾಡಿಸಿದ ಮೇಲೆ ಒಂದು ಮುದ್ರೆ ಹಾಕಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಆದ್ದರಿಂದ ಅಲ್ಲಿಯ ಕಾಗದವನ್ನು ಅಲ್ಲಿಯೇ, ಜನ ಕೈಗೆ ಸಿಗುವಾಗಲೇ ಮಾಡಿಸಿಕೊಳ್ಳಿ. ಈ ಬರಹದಲ್ಲಿ ಬೇರೆ ಯಾವುದು ಮರೆತರೂ ಇದನ್ನು ಮರೆಯಬೇಡಿ.

ದುಃಖದಲ್ಲಿರುವ ಹೆಣ್ಣುಮಗಳು ಇದನ್ನೆಲ್ಲ ಒಬ್ಬಳೇ ಮಾಡಬೇಕಿಲ್ಲ. ನಂಬಿಕಸ್ತರಾದ ಒಬ್ಬ ಅಣ್ಣನೋ ಅಕ್ಕನೋ ಗೆಳತಿಯೋ ಈ ಲೇಖನ ಓದಿ, ಅಲ್ಲಿರುವವರಿಗೆ ಫೋನಿನಲ್ಲಿ ಹೇಳಿದರೆ ಸಾಕು. ಇಲ್ಲಿ ಹೇಳುವುದು ಮುಖ್ಯವಾಗಿ ಭಾರತದ ವಿಮಾ ಕಂಪನಿಯಲ್ಲಿ ಮಾಡಿಸಿದ ಪಾಲಿಸಿಯ ಬಗ್ಗೆ. ತೀರಿಕೊಂಡವರು ಹೆಂಡತಿಯಾಗಿದ್ದು, ಕ್ಲೇಮ್ ಮಾಡುವವರು ಗಂಡನಾಗಿದ್ದರೂ ದಾರಿ ಇದೇ.

ಮೊದಲ ದಿನಗಳು: ಅಲ್ಲಿ ಏನೇನು ಸಂಗ್ರಹಿಸಬೇಕು

ಸಾವು ಎಲ್ಲಿ ಆಯಿತೋ ಅಲ್ಲಿಯ ಸರ್ಕಾರವೇ ಮರಣ ಪ್ರಮಾಣಪತ್ರ ಕೊಡಬೇಕು. ನಮ್ಮ ಗ್ರಾಮ ಪಂಚಾಯಿತಿಯಾಗಲಿ ನಗರಸಭೆಯಾಗಲಿ ವಿದೇಶದಲ್ಲಿ ಆದ ಸಾವನ್ನು ನೋಂದಾಯಿಸುವಂತಿಲ್ಲ; ಅಂತ್ಯಸಂಸ್ಕಾರ ಇಲ್ಲೇ ನಡೆದಿದ್ದರೂ ಇಲ್ಲ. ಪಂಚಾಯಿತಿಯಲ್ಲಿ ಹೇಗಾದರೂ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಸಾವಿನ ಸ್ಥಳವನ್ನು ತಪ್ಪಾಗಿ ತೋರಿಸಿದ ಪ್ರಮಾಣಪತ್ರ ವಿಮಾ ಕಂಪನಿಯ ಕೈಗೆ ಹೋದರೆ ನ್ಯಾಯವಾದ ಕ್ಲೇಮು ಕೂಡ ಅನುಮಾನಕ್ಕೆ ಗುರಿಯಾಗುತ್ತದೆ.

ಅಲ್ಲಿಯ ಪ್ರಮಾಣಪತ್ರ ಸಿಕ್ಕ ಮೇಲೆ, ತೀರಿಕೊಂಡವರು ಭಾರತೀಯ ನಾಗರಿಕರಾಗಿದ್ದರೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲೂ ಸಾವನ್ನು ನೋಂದಾಯಿಸಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಮಿನ ಪ್ರಕಾರ ಈ ನೋಂದಣಿಗೆ ಭಾರತದಲ್ಲೇ ಆದ ನೋಂದಣಿಯ ಬೆಲೆ ಇದೆ. ವಿಮೆಗೆ ಮಾತ್ರವಲ್ಲ, ಮುಂದೆ ಬ್ಯಾಂಕು, ಜಮೀನಿನ ಖಾತೆ ಬದಲಾವಣೆ ಎಲ್ಲದಕ್ಕೂ ಇದು ಕೆಲಸಕ್ಕೆ ಬರುತ್ತದೆ. ತೀರಿಕೊಂಡವರು ಬೇರೆ ದೇಶದ ಪೌರತ್ವ ಪಡೆದಿದ್ದರೆ ಈ ನೋಂದಣಿ ಅನ್ವಯಿಸುವುದಿಲ್ಲ. ಅಲ್ಲಿಯ ಪ್ರಮಾಣಪತ್ರವೇ ಆಧಾರ.

ರಾಯಭಾರ ಕಚೇರಿಯವರು ಪಾಸ್‌ಪೋರ್ಟ್ ರದ್ದು ಮಾಡುತ್ತಾರೆ. ಅದನ್ನು ಒಪ್ಪಿಸುವ ಮೊದಲು ಎಲ್ಲ ಪುಟಗಳ ಫೋಟೊ ತೆಗೆಸಿಟ್ಟುಕೊಳ್ಳಿ, ಖಾಲಿ ಪುಟಗಳೂ ಸೇರಿ. ವ್ಯಕ್ತಿ ಆ ದಿನ ಆ ದೇಶದಲ್ಲಿದ್ದರು ಎಂಬುದಕ್ಕೆ ವಿಮಾ ಕಂಪನಿ ಕೇಳುವ ಸಾಕ್ಷಿ ವೀಸಾ ಮತ್ತು ಪ್ರವೇಶದ ಮುದ್ರೆಗಳೇ.

ಇವುಗಳ ಜೊತೆಗೆ ಆಸ್ಪತ್ರೆಯ ದಾಖಲೆ, ಸಾವಿನ ವೈದ್ಯಕೀಯ ವರದಿ, ಪೊಲೀಸ್ ವರದಿ ಇದ್ದರೆ ಅದು, ಎಂಬಾಮಿಂಗ್ (ಶರೀರ ಕೆಡದಂತೆ ಮಾಡುವ ಸಂಸ್ಕರಣೆ) ಪ್ರಮಾಣಪತ್ರ, ಶರೀರ ಸಾಗಿಸಲು ರಾಯಭಾರ ಕಚೇರಿ ಕೊಟ್ಟ ನಿರಾಕ್ಷೇಪಣಾ ಪತ್ರ, ವಿಮಾನದ ಕಾರ್ಗೋ ಬಿಲ್ಲು, ಇವೆಲ್ಲದರ ಪ್ರತಿ ಇಟ್ಟುಕೊಳ್ಳಿ. ಕಾರ್ಗೋ ಬಿಲ್ಲು ಯಾಕೆ ಎನ್ನಿಸಬಹುದು. ಶರೀರ ಇಂಥ ದಿನ ಇಂಥ ವಿಮಾನ ನಿಲ್ದಾಣಕ್ಕೆ ಬಂತು ಎಂದು ತೋರಿಸುವ ಕಾಗದ ಅದು, ಊರಿನ ಸ್ಮಶಾನದ ರಸೀದಿಗೂ ಅಲ್ಲಿಯ ಮರಣ ಪ್ರಮಾಣಪತ್ರಕ್ಕೂ ನಡುವಿನ ಕೊಂಡಿ.

ಅಪಘಾತವಾಗಿದ್ದರೆ ಪೊಲೀಸ್ ವರದಿ ಮತ್ತು ಶವಪರೀಕ್ಷೆಯ ವರದಿ ಬಿಟ್ಟು ಬರಲೇಬೇಡಿ. ಅಪಘಾತ ವಿಮೆಯ ಹೆಚ್ಚುವರಿ ಮೊತ್ತ ನಿಂತಿರುವುದು ಅವುಗಳ ಮೇಲೆ. ಎಲ್ಲ ದೇಶಗಳಲ್ಲೂ ಎಲ್ಲ ಸಾವಿಗೂ ಶವಪರೀಕ್ಷೆ ಮಾಡುವುದಿಲ್ಲ. ಮಾಡಿಲ್ಲವಾದರೆ, ಮಾಡಿಲ್ಲ ಎಂದು ಆಸ್ಪತ್ರೆಯಿಂದಲೋ ಪೊಲೀಸರಿಂದಲೋ ಒಂದು ಪತ್ರ ಬರೆಸಿಕೊಂಡರೆ ಮುಂದೆ ಶಾಖೆಯ ಮೇಜಿನ ಮುಂದೆ ವಾದ ಮಾಡುವ ಕಷ್ಟ ತಪ್ಪುತ್ತದೆ.

ಸಾವಿನ ಕಾರಣವನ್ನು ಪ್ರಮಾಣಪತ್ರದಲ್ಲಿ ಓದಿ ನೋಡಿ. ಅಮೆರಿಕದಲ್ಲಿ ತನಿಖೆ ಮುಗಿಯದಿದ್ದರೆ ಕಾರಣದ ಜಾಗದಲ್ಲಿ ‘ಬಾಕಿ ಇದೆ’ ಎಂದು ಬರೆದು ಕೊಡುವುದುಂಟು. ಬ್ರಿಟನ್ನಿನಲ್ಲಿ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ವಿಚಾರಣೆ ನಡೆಯುತ್ತಿದ್ದರೆ ಮಧ್ಯಂತರ ಪ್ರಮಾಣಪತ್ರ ಸಿಗುತ್ತದೆ. ಅದನ್ನಿಟ್ಟು ವಿಮಾ ಕಂಪನಿಗೆ ಸುದ್ದಿ ತಿಳಿಸಬಹುದು, ಆದರೆ ಹಣ ಬರುವುದು ಅಂತಿಮ ಪ್ರಮಾಣಪತ್ರ ಕೊಟ್ಟ ಮೇಲೆಯೇ ಎಂದು ಲೆಕ್ಕ ಹಾಕಿಕೊಳ್ಳಿ.

ಮುದ್ರೆಯ ಕೆಲಸ: ಅನುವಾದ, ಅಟೆಸ್ಟೇಷನ್, ಅಪೋಸ್ಟಿಲ್

ವಿದೇಶದ ಕಾಗದ ನಿಜವಾದದ್ದೇ ಎಂದು ಬೆಂಗಳೂರಿನ ಅಥವಾ ಮಂಗಳೂರಿನ ಶಾಖೆಯ ಅಧಿಕಾರಿಗೆ ಗೊತ್ತಾಗುವುದು ಹೇಗೆ? ಅದಕ್ಕೆಂದೇ ಎರಡು ಪದ್ಧತಿಗಳಿವೆ.

ಒಂದು ಅಪೋಸ್ಟಿಲ್. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಇದೊಂದೇ ಮುದ್ರೆ ಸಾಕು. ಭಾರತದಲ್ಲಿ ಈ ಒಪ್ಪಂದ 2005ರ ಜುಲೈಯಿಂದ ಜಾರಿಯಲ್ಲಿದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೊದಲಿನಿಂದ ಇವೆ. ಒಮಾನ್ ಮತ್ತು ಬಹರೇನ್ ಸೇರಿ ಹತ್ತು ವರ್ಷದ ಮೇಲಾಯಿತು. ಸೌದಿ ಅರೇಬಿಯಾ 2022ರಲ್ಲಿ, ಕೆನಡಾ 2024ರಲ್ಲಿ ಒಳಗೆ ಬಂದವು. ಅಮೆರಿಕದಲ್ಲಿ ಇದನ್ನು ಪ್ರಮಾಣಪತ್ರ ಕೊಟ್ಟ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಮಾಡುತ್ತದೆ, ಬ್ರಿಟನ್ನಿನಲ್ಲಿ ವಿದೇಶಾಂಗ ಇಲಾಖೆ.

ಇನ್ನೊಂದು ಹಳೆಯ ಅಟೆಸ್ಟೇಷನ್ ದಾರಿ. ಯುಎಇಯಲ್ಲಿ ನಡೆಯುವುದು ಇದು: ಅರಬಿ ಪ್ರಮಾಣಪತ್ರವನ್ನು ಅಲ್ಲಿನ ಅಧಿಕೃತ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಿ, ಅಲ್ಲಿಯ ವಿದೇಶಾಂಗ ಸಚಿವಾಲಯದ ಮುದ್ರೆ ಹಾಕಿಸಿ, ಕೊನೆಗೆ ಭಾರತೀಯ ಕಾನ್ಸುಲೇಟಿನ ಮುದ್ರೆ. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಲಾಗುವುದಿಲ್ಲ. ಅನುವಾದವನ್ನು ಊರಿಗೆ ಬಂದ ಮೇಲೆ ಪರಿಚಯದ ಮೌಲ್ವಿಗಳಿಂದಲೋ ಮೇಷ್ಟ್ರಿಂದಲೋ ಮಾಡಿಸಿದರೆ ಅದು ಚೆನ್ನಾಗಿದ್ದರೂ ಕಂಪನಿಗೆ ನಡೆಯದು.

ಹೆಚ್ಚುವರಿ ಮೂಲ ಪ್ರತಿ ಕೊಡುವ ದೇಶಗಳಲ್ಲಿ ಧಾರಾಳವಾಗಿ ತೆಗೆದುಕೊಳ್ಳಿ. ಪ್ರತಿ ಪಾಲಿಸಿಗೆ ಒಂದು, ಬ್ಯಾಂಕಿಗೆ, ಭವಿಷ್ಯನಿಧಿಗೆ ಒಂದೊಂದು, ಕೈಯಲ್ಲಿ ಎರಡು. ಒಂದೇ ಮೂಲ ಪ್ರತಿ ಇದ್ದರೆ ಅದನ್ನು ಯಾರ ಕೈಗೂ ಒಪ್ಪಿಸಬೇಡಿ. ಶಾಖೆಯಲ್ಲಿ ತೋರಿಸಿ, ‘ಮೂಲದೊಂದಿಗೆ ತಾಳೆ ನೋಡಲಾಗಿದೆ’ ಎಂದು ನಕಲಿನ ಮೇಲೆ ಸಹಿ ಹಾಕಿಸಿ, ವಾಪಸು ತನ್ನಿ.

ಪವರ್ ಆಫ್ ಅಟಾರ್ನಿಗೆ ಸಹಿ ಹಾಕುವಾಗ

ಸೌದಿಯಂಥ ದೇಶದಿಂದ ಶರೀರ ತರಿಸಲು ಅಥವಾ ಅಲ್ಲಿಯೇ ದಫನ ಮಾಡಲು ಕುಟುಂಬದವರ ಪವರ್ ಆಫ್ ಅಟಾರ್ನಿ ಕೇಳುತ್ತಾರೆ. ಸುದ್ದಿ ಬಂದ ದಿನವೇ ಕಂಪ್ಯೂಟರ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಹಾಳೆಯೊಂದು ವಿಧವೆಯ ಮುಂದೆ ಬರುತ್ತದೆ. ಅಳುತ್ತಲೇ ಸಹಿ ಹಾಕುತ್ತಾರೆ. ಆ ಹಾಳೆಯನ್ನು ಮನೆಯವರೊಬ್ಬರು ಸಾವಧಾನವಾಗಿ ಓದಲೇಬೇಕು. ಶರೀರ ಕಳುಹಿಸುವ ಅಧಿಕಾರ ಬೇರೆ, ‘ಸಂಬಳದ ಬಾಕಿ, ಪರಿಹಾರ, ವಿಮೆ ಎಲ್ಲವನ್ನೂ ನನ್ನ ಪರವಾಗಿ ಸ್ವೀಕರಿಸಿ ರಸೀದಿ ಕೊಡುವ’ ಅಧಿಕಾರ ಬೇರೆ. ಮೊದಲನೆಯದಕ್ಕೆ ಮಾತ್ರ ಸಹಿ ಹಾಕಿ. ಎರಡನೆಯದು ನಿಜಕ್ಕೂ ಬೇಕೆಂದು ಕಂಡರೆ ಆಮೇಲೆ, ಯಾರಿಗೆ, ಯಾವ ಹಣಕ್ಕೆ, ಯಾವ ಖಾತೆಗೆ ಎಂದು ಸ್ಪಷ್ಟವಾಗಿ ಬರೆಸಿ ಕೊಡಬಹುದು. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸಹಿ ಬೇಡ, ಕೇಳುವವರು ಸ್ವಂತ ಮೈದುನನೇ ಆಗಿದ್ದರೂ.

ನೀವೇ ವಿದೇಶದಲ್ಲಿದ್ದು ಊರಿನ ಅಣ್ಣನಿಗೋ ತಂದೆಗೋ ಅಧಿಕಾರ ಕೊಡುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ದೃಢೀಕರಿಸಿ. ಆ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು.

ಯಾವ ಯಾವ ವಿಮೆ ಇತ್ತು?

ಬೀರುವಿನಲ್ಲಿರುವ ಎಲ್‌ಐಸಿ ಬಾಂಡು ಎಲ್ಲರಿಗೂ ನೆನಪಾಗುತ್ತದೆ. ಉಳಿದವು ಮರೆತುಹೋಗುತ್ತವೆ. ಬ್ಯಾಂಕ್ ಪಾಸ್‌ಬುಕ್ಕಿನ ಹಿಂದಿನ ಎರಡು ವರ್ಷದ ನಮೂದುಗಳನ್ನು ಸಾಲುಸಾಲಾಗಿ ನೋಡಿ. ಪ್ರೀಮಿಯಂ ಕಡಿತವಾದ ಪ್ರತಿ ಸಾಲೂ ಒಂದು ಪಾಲಿಸಿಯ ಸುಳಿವು.

ವರ್ಷಕ್ಕೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷ ರೂಪಾಯಿ ಬರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ. ಅಪಘಾತದ ಸಾವಿಗೆ 2 ಲಕ್ಷ. ಇವೆರಡಕ್ಕೂ ಅರ್ಜಿ ಕೊಡಬೇಕಾದದ್ದು ಖಾತೆಯಿದ್ದ ಬ್ಯಾಂಕಿನಲ್ಲಿ, ಆದಷ್ಟು ಬೇಗ. ಗೃಹ ಸಾಲದ ಜೊತೆ ಮಾಡಿಸಿದ ವಿಮೆ ಇದ್ದರೆ ಸಾಲವೇ ತೀರಬಹುದು. ಕಂತು ಕಟ್ಟುತ್ತಾ ಹೋಗುವ ಮೊದಲು ಇದನ್ನು ವಿಚಾರಿಸಿ.

ಹೆಚ್ಚಿನ ಮನೆಗಳಿಗೆ ಗೊತ್ತೇ ಇಲ್ಲದ ಒಂದು ವಿಮೆ ಇದೆ: ಪ್ರವಾಸಿ ಭಾರತೀಯ ಬಿಮಾ ಯೋಜನೆ. ಗಲ್ಫ್ ಮುಂತಾದ ದೇಶಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ) ಪಡೆದು ಕೆಲಸಕ್ಕೆ ಹೋದವರಿಗೆ ಇದು ಕಡ್ಡಾಯ. ಅಪಘಾತದಿಂದ ಸಾವಾದರೆ ನಾಮಿನಿಗೆ 10 ಲಕ್ಷ ರೂಪಾಯಿ. ಪ್ರೀಮಿಯಂ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಹೋಗುವಾಗ ಏಜೆಂಟರೇ ಕಟ್ಟಿರುವುದರಿಂದ ಹೋದವರಿಗೇ ಇದರ ಅರಿವಿರುವುದಿಲ್ಲ, ಹೆಂಡತಿಗೆ ಎಲ್ಲಿಂದ ಗೊತ್ತಾಗಬೇಕು? ಪೆಟ್ಟಿಗೆಯಲ್ಲಿರುವ ಎಮಿಗ್ರೇಷನ್ ಕಾಗದಗಳನ್ನು ಎಸೆಯಬೇಡಿ. ಆ ಏಜೆನ್ಸಿಯನ್ನು ಪಾಲಿಸಿ ನಂಬರ್ ಕೇಳಿ ಪಡೆಯಿರಿ.

ಕೆಲಸ ಕೊಟ್ಟ ಕಂಪನಿಯ ಗುಂಪು ವಿಮೆಯನ್ನೂ ಕೇಳಬೇಕು. ಬಾಯಿಮಾತಿನಲ್ಲಿ ಬೇಡ, ಇಮೇಲಿನಲ್ಲಿ: ‘ನಿಮ್ಮಲ್ಲಿ ನೌಕರರ ಜೀವ ವಿಮೆ ಇತ್ತೇ, ಇದ್ದರೆ ವಿಮಾ ಕಂಪನಿ ಯಾವುದು, ನಾಮಿನಿ ಯಾರು?’ ಉತ್ತರ ಬಾರದಿದ್ದರೆ ರಾಯಭಾರ ಕಚೇರಿಗೆ, ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಅಮೆರಿಕದಲ್ಲಿದ್ದವರ ಖಾಸಗಿ ಪಾಲಿಸಿಗಳನ್ನು ಹುಡುಕಲು ಅಲ್ಲಿಯ ವಿಮಾ ಆಯುಕ್ತರ ಒಕ್ಕೂಟದ ಉಚಿತ ಹುಡುಕಾಟ ಸೇವೆ ಇದೆ.

ಪಾಲಿಸಿ ಲ್ಯಾಪ್ಸ್ ಆಗಿದೆ, ಅಂದರೆ ಕಂತು ಕಟ್ಟದೆ ನಿಂತುಹೋಗಿದೆ ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ಕಂತು ಕಟ್ಟಲು 30 ದಿನಗಳ, ಮಾಸಿಕ ಕಂತಿಗೆ 15 ದಿನಗಳ ಕಾಲಾವಕಾಶ ಇರುತ್ತದೆ. ಅದರೊಳಗೆ ಸಾವಾಗಿದ್ದರೆ ಪಾಲಿಸಿ ಜೀವಂತವೇ. ಎಲ್‌ಐಸಿಯಲ್ಲಿ ಮೂರು ವರ್ಷ ಪೂರ್ತಿ ಕಂತು ಕಟ್ಟಿದ್ದು ಆಮೇಲಿನ ಆರು ತಿಂಗಳೊಳಗೆ, ಐದು ವರ್ಷ ಕಟ್ಟಿದ್ದರೆ ಒಂದು ವರ್ಷದೊಳಗೆ ಸಾವಾದರೆ ರಿಯಾಯಿತಿಯಾಗಿ ಕ್ಲೇಮ್ ಕೊಡುವ ಪದ್ಧತಿ ಹಲವು ಪಾಲಿಸಿಗಳಿಗಿದೆ. ಅದೂ ಇಲ್ಲವಾದರೆ ಪೇಡ್‌ಅಪ್ ಮೊತ್ತ, ಅಂದರೆ ಕಟ್ಟಿದ ಕಂತುಗಳಿಗೆ ತಕ್ಕಂತೆ ಇಳಿಸಿದ ವಿಮಾ ಮೊತ್ತವಾದರೂ ಇರಬಹುದು. ಲಿಖಿತ ಉತ್ತರ ಕೇಳಿ.

ಅರ್ಜಿ ಹಾಕುವುದು

ಕಾಗದಗಳೆಲ್ಲ ಬರಲಿ ಎಂದು ಕಾಯಬೇಡಿ. ಪಾಲಿಸಿ ನಂಬರ್, ಹೆಸರು, ಸಾವಿನ ದಿನ, ದೇಶ, ಕಾರಣ, ನಿಮ್ಮ ಸಂಬಂಧ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪಾಲಿಸಿ ಇರುವ ಶಾಖೆಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇಮೇಲ್ ಕೂಡ ಸಾಕು. ತಡವಾಗಿದ್ದರೂ ಧೈರ್ಯಗೆಡಬೇಡಿ: ತಡವಾಯಿತು ಎಂಬ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2011ರಲ್ಲೇ ಕಂಪನಿಗಳಿಗೆ ಸೂಚನೆ ಕೊಟ್ಟಿದೆ.

ಎಲ್‌ಐಸಿಯಲ್ಲಿ ಫಾರಂಗಳನ್ನು ನಂಬರಿನಿಂದಲೇ ಕರೆಯುತ್ತಾರೆ. 3783 ನೀವು ತುಂಬಬೇಕಾದ ಹೇಳಿಕೆ. ಪಾಲಿಸಿಗೆ ಮೂರು ವರ್ಷ ದಾಟಿದ್ದರೆ ಅದರ ಚಿಕ್ಕ ರೂಪ 3783ಎ. 3784 ಕೊನೆಗೆ ನೋಡಿದ ವೈದ್ಯರದು, 3816 ಆಸ್ಪತ್ರೆಯದು, 3785 ಅಂತ್ಯಸಂಸ್ಕಾರಕ್ಕೆ ಸಾಕ್ಷಿಯಾದವರದು, 3787 ಕೆಲಸ ಕೊಟ್ಟವರದು, 3801 ಹಣ ಪಡೆಯುವ ಡಿಸ್ಚಾರ್ಜ್ ಫಾರಂ. ವಿದೇಶದ ವೈದ್ಯರು ನಮ್ಮ ಫಾರಂ ತುಂಬಲು ಒಪ್ಪದಿರುವುದು ಮಾಮೂಲು. ಆಗ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಕಾಯಿಲೆ ಯಾವಾಗ ಶುರುವಾಯಿತು, ಯಾವಾಗ ದಾಖಲಾದರು, ಸಾವಿನ ಕಾರಣವೇನು ಎಂಬ ಮೂರು ಸಂಗತಿ ಇರುವ ವರದಿ ತರಿಸಿ, ಇದನ್ನೇ ಸ್ವೀಕರಿಸಿ ಎಂದು ಶಾಖೆಗೆ ಪತ್ರ ಬರೆಯಿರಿ. 3787 ಫಾರಂ ಮಾತ್ರ ಕಂಪನಿಯ ಎಚ್‌ಆರ್‌ನಿಂದ ತುಂಬಿಸುವುದು ಸುಲಭ.

ಇವುಗಳ ಜೊತೆ ಪಾಲಿಸಿ ಬಾಂಡು, ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಪ್ಯಾನ್, ಹೆಸರು ಮುದ್ರಿತವಾದ ರದ್ದು ಮಾಡಿದ ಚೆಕ್ಕು, ಪಾಸ್‌ಪೋರ್ಟ್ ಪುಟಗಳು. ಬಾಂಡು ಕಳೆದಿದ್ದರೆ ಇಂಡೆಮ್ನಿಟಿ ಬಾಂಡ್ (ಮುಂದೆ ಕಂಪನಿಗೆ ನಷ್ಟವಾದರೆ ಹೊಣೆ ಹೊರುವ ಪತ್ರ) ಬರೆದುಕೊಡಬೇಕು, ಅಷ್ಟೆ.

ಹೆಸರಿನ ತೊಡಕು

ನಮ್ಮವರ ಕ್ಲೇಮುಗಳು ಸಿಕ್ಕಿಕೊಳ್ಳುವ ಜಾಗ ಇದು. ಪಾಲಿಸಿಯಲ್ಲಿ ‘ಕೆ. ಮಂಜುನಾಥ’, ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ಕೃಷ್ಣಪ್ಪ’, ಅರಬಿಯಿಂದ ಅನುವಾದವಾಗಿ ಬಂದ ಪ್ರಮಾಣಪತ್ರದಲ್ಲಿ ಅಕ್ಷರಗಳೇ ಬೇರೆ. ಅಲ್ಲಿ ಅನುವಾದ ಮಾಡಿಸುವಾಗಲೇ ಪಾಸ್‌ಪೋರ್ಟ್ ಮುಂದಿಟ್ಟು, ಹೆಸರಿನ ಸ್ಪೆಲಿಂಗ್ ಅಕ್ಷರಕ್ಕಕ್ಷರ ಅದರಂತೆಯೇ ಬರುವಂತೆ ನೋಡಿಕೊಳ್ಳಿ, ಪಾಸ್‌ಪೋರ್ಟ್ ನಂಬರೂ ಇರಲಿ. ಮುದ್ರೆ ಬಿದ್ದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಇಲ್ಲಿಯ ದಾಖಲೆಗಳ ನಡುವಿನ ವ್ಯತ್ಯಾಸಕ್ಕೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿ, ಎರಡು ಹೆಸರಿಗೂ ಆಧಾರವಾದ ಶಾಲಾ ದಾಖಲೆಯೋ ಆಧಾರ್ ಕಾರ್ಡೋ ಲಗತ್ತಿಸಿ. ಮದುವೆಯ ನಂತರ ನಿಮ್ಮ ಹೆಸರು ಬದಲಾಗಿದ್ದರೆ ನಿಮಗೂ ಇದೇ ಬೇಕು, ಮದುವೆ ಪ್ರಮಾಣಪತ್ರದ ಜೊತೆಗೆ.

ಮೂರು ವರ್ಷದ ಗೆರೆ

ಪಾಲಿಸಿ ಶುರುವಾಗಿ, ಅಥವಾ ಲ್ಯಾಪ್ಸ್ ಆದದ್ದನ್ನು ಮತ್ತೆ ಚಾಲ್ತಿಗೆ ತಂದು, ಮೂರು ವರ್ಷ ದಾಟಿದ್ದರೆ ಯಾವ ಕಾರಣ ಹೇಳಿಯೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಮು ಹೀಗೆ ಹೇಳುತ್ತದೆ. ಮೂರು ವರ್ಷದೊಳಗಿನ ಸಾವಾದರೆ ತನಿಖೆ ನಡೆಯುವುದು ವಾಡಿಕೆ, ಸಾವು ವಿದೇಶದಲ್ಲಾಗಿದ್ದರೆ ಇನ್ನೂ ಹೆಚ್ಚು. ಮನೆಗೆ ಬಂದ ತನಿಖಾಧಿಕಾರಿಗೆ ನಿಜವನ್ನೇ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಅವರು ಬರೆದುಕೊಂಡದ್ದನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ‘ಅವರಿಗೆ ಮೊದಲೇ ಬಿಪಿ ಇತ್ತಂತೆ’ ಎಂದು ಪಕ್ಕದ ಮನೆಯವರು ಅಂದ ಮಾತು ನಿಮ್ಮ ಹೇಳಿಕೆಯಾಗಿ ದಾಖಲಾಗಬಾರದು. ಮೊದಲ 12 ತಿಂಗಳೊಳಗೆ ಆತ್ಮಹತ್ಯೆಯಾಗಿದ್ದರೆ ಪೂರ್ತಿ ಮೊತ್ತ ಬರುವುದಿಲ್ಲ. ಸಾಮಾನ್ಯವಾಗಿ ಕಟ್ಟಿದ ಪ್ರೀಮಿಯಂನ ಬಹುಪಾಲು ಹಿಂತಿರುಗುತ್ತದೆ.

ಹಣ ಯಾರದು?

2015ರ ತಿದ್ದುಪಡಿಯ ನಂತರ, ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು ನಾಮಿನಿಯಾಗಿದ್ದರೆ ವಿಮಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಕಂಪನಿ ಹಣವನ್ನು ಅವರ ಹಕ್ಕಿನ ಹಣವೆಂದೇ ಕೊಡುತ್ತದೆ. ಪಾಲಿಸಿ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿದ್ದರೆ, ಹೆಂಡತಿ ಮಕ್ಕಳ ಆ ಹಣಕ್ಕೆ ಗಂಡನಿಗೆ ಸಾಲ ಕೊಟ್ಟವರು ಕೈಹಾಕುವಂತಿಲ್ಲ. ಬಾಂಡಿನ ಮೇಲೆ ಈ ಉಲ್ಲೇಖ ಇದೆಯೇ ನೋಡಿ.

ಮದುವೆಗೆ ಮೊದಲು ಮಾಡಿಸಿದ ಪಾಲಿಸಿಯಲ್ಲಿ ತಾಯಿಯ ಹೆಸರೇ ನಾಮಿನಿಯಾಗಿ ಉಳಿದಿರುವುದು ಎಷ್ಟೋ ಮನೆಗಳಲ್ಲಿದೆ. ಆಗ ಕಂಪನಿ ಹಣ ಕೊಡುವುದು ಅತ್ತೆಗೆ. ಮನೆಯೊಳಗೆ ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು ಒಳ್ಳೆಯದು, ಆಗದಿದ್ದರೆ ಹಣ ಪಾವತಿಯಾಗುವ ಮೊದಲೇ ವಕೀಲರನ್ನು ಕಾಣಿ. ನಾಮಿನಿಯೇ ಇಲ್ಲದಿದ್ದರೆ ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ ತನ್ನಿ. ಮೊತ್ತ ದೊಡ್ಡದಿದ್ದರೆ ಅಥವಾ ತಕರಾರು ಇದ್ದರೆ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತಾರೆ.

ಸಾವಿನ ಕ್ಲೇಮಿನ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ, ತಡಕ್ಕೆ ಸಿಕ್ಕ ಬಡ್ಡಿಗೆ ಇದೆ. ನೀವು ಅನಿವಾಸಿಯಾಗಿದ್ದು ಹಣ ಎನ್‌ಆರ್‌ಒ ಖಾತೆಗೆ (ಅನಿವಾಸಿಯರು ಭಾರತದಲ್ಲಿ ಬರುವ ಹಣ ಇಡುವ ಬ್ಯಾಂಕ್ ಖಾತೆ) ಬಂದರೆ, ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೊಳಗೆ ಹೊರದೇಶಕ್ಕೆ ಕಳುಹಿಸಿಕೊಳ್ಳಬಹುದು; ಚಾರ್ಟರ್ಡ್ ಅಕೌಂಟೆಂಟ್ ಸಹಾಯ ಬೇಕಾಗುತ್ತದೆ.

ತಡವಾದರೆ, ಇಲ್ಲವೆಂದರೆ

ಐಆರ್‌ಡಿಎಐಯ 2024ರ ಸುತ್ತೋಲೆಯಂತೆ ತನಿಖೆ ಬೇಡದ ಸಾವಿನ ಕ್ಲೇಮನ್ನು 15 ದಿನಗಳಲ್ಲಿ, ತನಿಖೆ ಬೇಕಾದದ್ದನ್ನು 45 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ಕ್ಕಿಂತ ಶೇ. 2 ಹೆಚ್ಚು ಬಡ್ಡಿ. ಒಂದೊಂದೇ ಕಾಗದ ಕೇಳಿ ಓಡಾಡಿಸುತ್ತಿದ್ದರೆ, ಇನ್ನು ಬೇಕಾದುದೆಲ್ಲವನ್ನೂ ಒಂದೇ ಪತ್ರದಲ್ಲಿ ತಿಳಿಸಿ ಎಂದು ಬರೆದು ಕೇಳಿ, ದಿನಾಂಕ ಹಾಕಿಟ್ಟುಕೊಳ್ಳಿ.

ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಜೊತೆಗೆ ಐಆರ್‌ಡಿಎಐಯ ‘ಬಿಮಾ ಭರೋಸಾ’ ಪೋರ್ಟಲಿನಲ್ಲಿ ಅಥವಾ 155255 ನಂಬರಿನಲ್ಲಿ ದೂರು ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ವಿವಾದ ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ. ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದಕ್ಕಿಂತ ದೊಡ್ಡ ಮೊತ್ತವಾದರೆ ಗ್ರಾಹಕ ಆಯೋಗ. ಅಲ್ಲಿ ಎರಡು ವರ್ಷದ ಅವಧಿ ಇದೆ. ಒಂಬುಡ್ಸ್‌ಮನ್ ತೀರ್ಪು ನಿಮ್ಮ ಪರವಾಗಿ ಬಂದರೆ ಕಂಪನಿ 30 ದಿನಗಳೊಳಗೆ ಅದನ್ನು ಪಾಲಿಸಬೇಕು.